ತಟ್ಟೆ ಕೆಳಗಿಡ್ರಿ ಎಂದವರು

ವಾಟ್ಸಾಪಿನಲ್ಲಿ ಆ ಆಮಂತ್ರಣ ಬಂದಾಗ ನಾನು ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮೇಲೆ ‘ನುಡಿನಮನ’ ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂದು ಹೆಸರುಗಳ ಮೆರವಣಿಗೆ. ನಮ್ಮ ಮೇಡಂ ಎಲ್ಲಿದ್ದಾರೆ ಎಂದು ಬೆರಳಿನಿಂದ ಎಳೆದು ದೊಡ್ಡದು ಮಾಡಿ ಹುಡುಕಿದೆ. ಕೆಳಗೆ ಮೂಲೆಯಲ್ಲಿ, ಹಳೆಯ ಐಡಿ ಕಾರ್ಡಿನಿಂದ ಕತ್ತರಿಸಿದ ಒಂದು ಫೋಟೋ ಇತ್ತು. ಅಲ್ಲ ಸ್ವಾಮಿ, ತೀರಿಕೊಂಡವರನ್ನು ನೆನೆಯುವ ಸಭೆಗೆ ಉದ್ಘಾಟಕರು ಯಾಕೆ? ಏನನ್ನು ಉದ್ಘಾಟನೆ ಮಾಡುತ್ತಾರೆ? ಸಾವನ್ನೇ? ಸುತ್ತಲೂ ಜನ ಇದ್ದಾರೆ ಎಂಬುದನ್ನೂ ಮರೆತು ನಾನು ಫೋನಿಗೇ ಬೈದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಚೀಲ ಎತ್ತಿಕೊಂಡು ಸ್ವಲ್ಪ ದೂರ ಹೋಗಿ ನಿಂತರು.

ಮೇಡಂ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಆ ಹೆಸರಿಗೂ ಇವರು ಒಂದು ಬ್ಯಾನರ್ ಮಾಡಿಸಿ, ಅದರಲ್ಲಿ ತಮ್ಮ ಫೋಟೋ ಹಾಕಿಸಿಕೊಳ್ಳುತ್ತಾರೆ. ವಿಶ್ವವಿದ್ಯಾಲಯ ಯಾವುದು ಎಂದೂ ಕೇಳಬೇಡಿ. ದಾವಣಗೆರೆಯಲ್ಲಿ ನಾನು ಎಂಬಿಎ ಓದುವಾಗ ಅವರು ನಮಗೆ ಇವೆಂಟ್ ಮ್ಯಾನೇಜ್‌ಮೆಂಟ್ ಪಾಠ ಮಾಡಿದರು, ಇಷ್ಟು ಗೊತ್ತಿದ್ದರೆ ಸಾಕು. ಉದ್ದಿಮೆಯವರ ಸಮಾವೇಶ, ಡೀಲರ್‌ಗಳ ಮೀಟಿಂಗು, ವಸ್ತುಪ್ರದರ್ಶನ, ಇವನ್ನೆಲ್ಲ ಹೇಗೆ ನಡೆಸಬೇಕು ಎಂದು ಕಲಿಸುವ ವಿಷಯ ಅದು. ನಾನದನ್ನು ತೆಗೆದುಕೊಂಡೆ ಎಂದಾಗ ಗುತ್ತೂರಿನ ನಮ್ಮ ಮನೆಯಲ್ಲಿ ದೊಡ್ಡ ನಗೆ. ನಮ್ಮ ಸೋದರಮಾವ, “ಮದುವಿ ಪೆಂಡಾಲ್ ಹಾಕಾದು ಕಲಿಯಾಕ ಯುನಿವರ್ಸಿಟಿಗೆ ಹೋಗ್ಬೇಕೇನವ್ವಾ? ನಮ್ಮ ಶಾಮಿಯಾನದ ಬಸಣ್ಣನ ಹತ್ರ ಕಳಿಸಿದ್ರೆ ಆತಿತ್ತಲ್ಲ!” ಎಂದರು. ಅಪ್ಪ ಲೇತ್ ಮಷಿನ್ ಮೇಲೆ ದುಡಿದು ಬಂದು ಉಣ್ಣುತ್ತ ಕೂತಿದ್ದವರು, “ಕಲೀಲಿ ಬಿಡು, ಏನೋ ಒಂದು,” ಎಂದರು. ನನಗೂ ಅದೇನು ಎಂದು ನಿಜಕ್ಕೂ ಗೊತ್ತಿರಲಿಲ್ಲ.

ಮೊದಲ ದಿನ ಮೇಡಂ ಬರಲಿ ಎಂದು ಕಾಯುತ್ತ ಬಾಗಿಲನ್ನೇ ನೋಡುತ್ತಿದ್ದೆವು. ಹಿಂದಿನಿಂದ ದನಿ ಬಂತು: “ನಾನು ಆಗ್ಲೇ ಬಂದೀನ್ರಪ್ಪಾ. ಇಲ್ಲಿಂದ ನಿಮ್ಮ ಬೋರ್ಡ್ ಕಾಣಂಗಿಲ್ಲ. ಈ ಫ್ಯಾನಿನ ಸದ್ದಿಗೆ ಏನೂ ಕೇಳಂಗಿಲ್ಲ. ಇಲ್ಲಿ ಕೂತೋನು ಮೊಬೈಲ್ ನೋಡ್ದೆ ಇನ್ನೇನು ಮಾಡ್ಯಾನು?” ಕೊನೆಯ ಬೆಂಚಿನಿಂದ ಎದ್ದು ಬಂದರು. ಎತ್ತರದ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಹುಡುಗರು ಕಿಸಕ್ಕೆಂದರು. ಅವರು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಶೂ ಸರಿಯಾಗಿ ತೋರಿಸಿ, “ನಕ್ಕು ಮುಗಿತಾ? ಇನ್ನು ಏಳ್ರಿ,” ಎಂದು ನಮ್ಮನ್ನೆಲ್ಲ ನಡೆಸಿಕೊಂಡು ಹೋಗಿದ್ದು ಸಭಾಂಗಣದ ಹೆಂಗಸರ ಶೌಚಾಲಯಕ್ಕೆ.

ನಲ್ಲಿ ತಿರುಗಿಸಿದರು. ನೀರಿಲ್ಲ. ಬಾಗಿಲಿಗೆ ಚಿಲಕವಿಲ್ಲ. “ನಿನ್ನೆ ಇಲ್ಲಿ ದೊಡ್ಡ ಫಂಕ್ಷನ್ ಆತಂತೆ. ವೇದಿಕೆಗೆ ಹೂವಿನ ಅಲಂಕಾರ ಭಾಳ ಚಂದ ಇತ್ತಂತೆ. ಇಲ್ಲಿಗೆ ಬಂದ ಹೆಣ್ಣುಮಕ್ಕಳು ಏನು ಮಾಡಿದ್ರು, ಯಾರರ ಕೇಳೀರೇನು?” ನಲ್ಲಿಯನ್ನು ಮತ್ತೆ ತಿರುಗಿಸಿ ಮುಚ್ಚಿದರು. “ಮೊದಲ್ನೇ ಪಾಠ ಇದು. ಮೊದ್ಲು ಇದನ್ನ ನೋಡ್ರಿ, ಆಮ್ಯಾಲೆ ಕುಡಿಯೋ ನೀರು, ಆಮ್ಯಾಲೆ ಕುರ್ಚಿ. ಸ್ಟೇಜ್ ತಾನಾಗೇ ಆಕತಿ. ಅದಕ್ಕ ಓಡಾಡೋ ಮಂದಿ ಊರ ತುಂಬ ಅದಾರ.”

ಅವರು ಪಾಠಕ್ಕೆ ಬರುವ ಮೊದಲು ಒಂದು ಕಂಪನಿಯಲ್ಲಿದ್ದರು. ಊರೂರು ತಿರುಗಿ ಡೀಲರ್‌ಗಳ ಸಮಾವೇಶ ನಡೆಸುವುದೇ ಅವರ ಕೆಲಸವಾಗಿತ್ತು. ಮದುವೆಯಾಗಿರಲಿಲ್ಲ. ಹರಿಹರದಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಅಕ್ಕನ ಜೊತೆ ಇದ್ದರು. ಚೀಲದಲ್ಲಿ ಯಾವಾಗಲೂ ಸೇಫ್ಟಿ ಪಿನ್ನು, ಅಂಟಿಸುವ ಟೇಪು, ಒಂದು ಡಬ್ಬಿ ಖಾರ ಮಂಡಕ್ಕಿ. ಸಿಹಿ ಮಾತಿನವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲೊಬ್ಬ ಇಡೀ ವಾರ ಕೂತು ಬಣ್ಣಬಣ್ಣದ ಸ್ಲೈಡು ಮಾಡಿಕೊಂಡು ಬಂದಿದ್ದ. ನೋಡಿ, “ಇದ್ರಾಗೆ ಬಲೂನ್ ಐತೆ, ಲೈಟ್ ಐತೆ, ಹೊಗಿ ಬರೋ ಮಷಿನ್ ಐತೆ. ಮನುಷ್ಯಾರು ಎಲ್ಲಿ ಅದಾರಪ್ಪಾ?” ಎಂದರು. ಅವನ ಮುಖ ಸಪ್ಪಗಾಯಿತು. ನಾವು ಏನು ಯೋಜನೆ ಒಯ್ದರೂ ಅವರದು ಒಂದೇ ಪ್ರಶ್ನೆ: “ಬಂದೋರು ಯಾಕ ಬಂದಾರ? ಅದನ್ನ ಹೇಳು ಮೊದ್ಲು.” ಆ ಪ್ರಶ್ನೆ ಕೇಳಿ ಕೇಳಿ ನಮಗೆ ರೋಸಿಹೋಗಿತ್ತು. ಈಗ ನಾನೇ ನನ್ನ ಕೆಲಸದವರಿಗೆ ಅದನ್ನೇ ಕೇಳುತ್ತೇನೆ, ಅವರಿಗೂ ರೋಸಿಹೋಗಿದೆ.

ಚರ್ಚೆ ನಡೆದಾಗ ಅವರು ಮೈಕನ್ನು ಮೊದಲು ಕೊನೆಯ ಸಾಲಿಗೆ ಕೊಡುತ್ತಿದ್ದರು. “ಮುಂದ ಕೂತೋರಿಗೆ ಬಾಯಿ ಐತೆ, ಮೈಕ್ ಬೇಕಾಗಿಲ್ಲ,” ಎನ್ನುವರು. ಕಾರ್ಯಕ್ರಮ ಮುಗಿದ ಮೇಲೂ ಮನೆಗೆ ಹೊರಡುವ ಮುಂಚೆ ಒಂದು ಸುತ್ತು ಹೋಗುವರು. ಎಲ್ಲ ಗೇಟು, ಎಲ್ಲ ಮೂಲೆ. ಮುಗಿದದ್ದು ಗೊತ್ತಾಗದೆ ಯಾರಾದರೂ ಎಲ್ಲಾದರೂ ಉಳಿದಿದ್ದಾರೆಯೇ ಎಂದು ನೋಡುವರು. ಕಾವಲಿನವನು, ಅಡುಗೆಯವರು, ಪಾರ್ಕಿಂಗಿನಲ್ಲಿ ಡ್ರೈವರ್‌ಗಳು, ಎಲ್ಲರಿಗೂ ತಾವೇ ಹೋಗಿ “ಮುಗೀತ್ರಿ, ಊಟ ಮಾಡ್ರಿ” ಎಂದು ಹೇಳುವರು. ನಾವು ಕಾಲು ನೋವೆಂದು ಕುಂಟುತ್ತ ಹಿಂದೆ ಹೋಗುತ್ತಿದ್ದೆವು, ಅವರು ಶೂ ಹಾಕಿಕೊಂಡು ಮುಂದೆ.

ಇನ್ನು ತಟ್ಟೆಯ ಮಾತು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಯಾವ ಸಮಾರಂಭವಿರಲಿ, ಯಾವ ವಿಭಾಗದ್ದೇ ಇರಲಿ, ಹಿಂದಿನ ದಿನ ನಮ್ಮ ಕ್ಲಾಸಿಗೆ ಜವಾನ ಬರುತ್ತಿದ್ದ: “ಇವೆಂಟ್ ಹುಡುಗ್ಯಾರನ್ನ ನಾಳೆ ಸೀರಿ ಉಟ್ಕಂಡು ಬರಾಕ ಹೇಳ್ಯಾರ.” ಬರುವ ಗಣ್ಯರಿಗೆ ಗೇಟಿನಲ್ಲಿ ಸಾಲಾಗಿ ನಿಂತು ತಟ್ಟೆ ಹಿಡಿದು ಗುಲಾಬಿ ಪಕಳೆ ಎರಚಬೇಕು. ಇದಕ್ಕೆ ‘ಪ್ರಾಯೋಗಿಕ ತರಬೇತಿ’ ಎಂದು ಹೆಸರು. ನಮ್ಮ ಜೊತೆಗೇ, ಅದೇ ಪುಸ್ತಕ ಓದುತ್ತಿದ್ದ ಹುಡುಗರಿಗೆ ಕೊರಳಿಗೊಂದು ಟ್ಯಾಗು, ಕೈಗೊಂದು ವಾಕಿಟಾಕಿ. ಅವರು ಓಡಾಡಬೇಕು, ನಾವು ನಿಂತಿರಬೇಕು. ಬರದಿದ್ದರೆ ಇಂಟರ್ನಲ್ ಮಾರ್ಕ್ಸಿಗೆ ಕತ್ತರಿ ಎಂಬ ಬೆದರಿಕೆ ಬೇರೆ. ನಮ್ಮ ವಿಭಾಗದ ಮುಖ್ಯಸ್ಥರು ಕೂಗಾಡುವವರಲ್ಲ. ನಗುನಗುತ್ತಲೇ ಹೇಳುತ್ತಿದ್ದರು: “ಇದೆಲ್ಲ ನಮ್ಮ ಸಂಪ್ರದಾಯ ಅಲ್ವೇನಮ್ಮಾ?” ಹಾಗೆ ನಗುವವರನ್ನು ಕಂಡರೆ ನನಗೆ ಅಂದಿನಿಂದಲೇ ಆಗುವುದಿಲ್ಲ.

ಮೇಡಂ ಬಂದ ವರ್ಷ ನಮ್ಮ ಪ್ರಾಜೆಕ್ಟಿಗೆಂದು ಹರಿಹರದ ಒಂದು ಕಲ್ಯಾಣಮಂಟಪದಲ್ಲಿ ಸಮಾವೇಶ ಇಟ್ಟರು. ಮಾಡುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸುವುದು, ಅಷ್ಟೇ ಅದರ ಉದ್ದೇಶ. ಗುತ್ತೂರಿನ ಸಣ್ಣ ವರ್ಕ್‌ಶಾಪುಗಳವರು ಬಿಡಿಭಾಗಗಳನ್ನು ತರಬೇಕು, ದೊಡ್ಡ ಕಾರ್ಖಾನೆಗಳಿಂದ ಖರೀದಿ ನೋಡಿಕೊಳ್ಳುವವರು ಬರಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರು, ಕುಕ್ಕುವಾಡದಿಂದ ಜೋಳದ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘ, ಎದುರಿಗೆ ಹೋಟೆಲಿನವರು. ವೇದಿಕೆಯೇ ಇಲ್ಲ, ಬರೀ ಮೇಜುಗಳು. ರೊಟ್ಟಿಯ ಮೇಜು ನನ್ನದು. ನಾನು ಕುಕ್ಕುವಾಡಕ್ಕೆ ಹೋಗಿ ಸಂಘದ ಮುಂದಾಳು ಅಕ್ಕನ ಜೊತೆ ಕೂತು, ಎಷ್ಟು ಮಾಡಬಲ್ಲಿರಿ, ಹೇಗೆ ಕಳಿಸುತ್ತೀರಿ ಎಂದೆಲ್ಲ ಮಾತಾಡಿ ಬಂದಿದ್ದೆ. ಬದುಕಿನಲ್ಲಿ ಮೊದಲ ಸಲ ನಾನೊಂದು ಕೆಲಸ ಮಾಡುತ್ತಿದ್ದೇನೆ ಎನಿಸಿತ್ತು.

ಇನ್ನೇನು ಎಲ್ಲ ಸಿದ್ಧವಾಯಿತು ಎನ್ನುವಾಗ ಮುಖ್ಯಸ್ಥರು ಒಬ್ಬ ದೊಡ್ಡವರನ್ನು ಉದ್ಘಾಟನೆಗೆ ಕರೆದುಬಿಟ್ಟರು. ಕೂಡಲೇ ವೇದಿಕೆ ಎದ್ದಿತು. ಮೇಜುಗಳು ಗೋಡೆಯ ಬದಿಗೆ ಸರಿದವು. ಬೆಳಿಗ್ಗೆ ನಾನು ರೊಟ್ಟಿಯ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಒಬ್ಬರು ಬಂದು ನನ್ನ ಕೈಗೆ ತಟ್ಟೆ ಕೊಟ್ಟು, “ಗೇಟಿಗೆ ನಡೀರಿ,” ಎಂದರು. ನಡೆದೆ.

ದೊಡ್ಡವರು ಬರಲಿಲ್ಲ. ‘ದಾರ್ಯಾಗ ಅದಾರಂತೆ’ ಎಂಬ ಸುದ್ದಿ ಮಾತ್ರ ಮತ್ತೆ ಮತ್ತೆ ಬಂತು. ಬಿಸಿಲೇರಿತು. ಒಳಗೆ ಹೋಟೆಲಿನವರು ಚಡಪಡಿಸುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಹೋಟೆಲಿನಲ್ಲಿರಬೇಕು, ಇಲ್ಲದಿದ್ದರೆ ಅವರ ವ್ಯಾಪಾರ ಕೆಟ್ಟಿತು. ಕುಕ್ಕುವಾಡದ ಅಕ್ಕ ಗೇಟಿನತನಕ ಬಂದು ನನ್ನನ್ನು ನೋಡಿ, “ಏನವ್ವಾ, ನೀನಿಲ್ಲಿ ಹೂವು ಹಿಡ್ಕಂಡು ನಿಂತೀಯ? ಅಲ್ಲಿ ಹೋಟೆಲ್ನೋರು ಎದ್ದು ಹೊಂಟಾರ,” ಎಂದರು. ನನಗೆ ಅಳು ಬಂತು. ಆದರೆ ತಟ್ಟೆ ಬಿಡಲಿಲ್ಲ.

ಆಗ ಮೇಡಂ ಬಂದರು. ಬಿರಬಿರನೆ, ಶೂ ಸದ್ದು ಮಾಡುತ್ತ.

“ತಟ್ಟೆ ಕೆಳಗಿಡ್ರಿ. ಎಲ್ಲಾರೂ. ಒಳಗ ನಡೀರಿ, ನಿಮ್ಮ ನಿಮ್ಮ ಮೇಜಿಗೆ.”

ನಾನೇ ಕೇಳಿದೆ: “ಮೇಡಂ, ಇಂಟರ್ನಲ್ಸ್ ಕಟ್ ಮಾಡ್ತಾರಂತ್ರಿ...”

“ಇಂಟರ್ನಲ್ಸ್ ಹಾಕಾಕಿ ನಾನವ್ವಾ. ಕೆಳಗಿಡು.”

ಮುಖ್ಯಸ್ಥರು ಓಡಿ ಬಂದರು, ನಗು ಇನ್ನೂ ಮುಖದಲ್ಲೇ ಇತ್ತು. “ಮೇಡಂ, ಏನಿದು? ಪ್ರೋಟೋಕಾಲ್ ಅಂತ ಒಂದಿರುತ್ತಲ್ಲ?”

“ಸರ್, ಬರದೇ ಇರೋರಿಗೆ ಕಾಯಾದು, ಬಂದೋರನ್ನ ಬರಿಗೈಲೆ ಕಳಿಸಾದು, ಇದ್ಯಾವ ಮ್ಯಾನೇಜ್‌ಮೆಂಟ್ ರಿ? ನಾ ಇದನ್ನೇ ಕಲಿಸಬೇಕೇನು ಈ ಮಕ್ಕಳಿಗೆ?” ಅಷ್ಟು ಹೇಳಿ, ನಿಂತು ಉತ್ತರಕ್ಕೂ ಕಾಯದೆ ಒಳಗೆ ಹೋಗಿ ತಾವೇ ಒಂದು ಮೇಜಿನ ತುದಿ ಹಿಡಿದು ಎಳೆದರು. ನಾವು ಸೆರಗು ಸಿಕ್ಕಿಸಿಕೊಂಡು ಉಳಿದ ಮೇಜು ಎಳೆದೆವು. ಹೊರಟಿದ್ದ ಹೋಟೆಲಿನವರನ್ನು ನಾನು ಮೆಟ್ಟಿಲ ಮೇಲೆ ಅಡ್ಡಹಾಕಿ ಕರೆದುಕೊಂಡು ಬಂದೆ. ಒಬ್ಬರು ರೊಟ್ಟಿ ಮುರಿದು ತಿಂದು, “ನಾಳೆಯಿಂದ್ಲೇ ಕಳಸ್ತೀರೇನ್ರಿ?” ಎಂದು ಕೇಳಿದಾಗ ಅಕ್ಕ ನನ್ನ ಮೊಣಕೈ ಹಿಡಿದುಕೊಂಡರು. ಆ ಹಿಡಿತ ಈಗಲೂ ನೆನಪಿದೆ.

ದೊಡ್ಡವರು ಕೊನೆಗೂ ಬಂದರು. ಗೇಟಿನಲ್ಲಿ ಯಾರೂ ಇರಲಿಲ್ಲ. ಸಭಾಂಗಣದ ತುಂಬ ಜನ ವೇದಿಕೆಗೆ ಬೆನ್ನು ಹಾಕಿ ಮೇಜಿನ ಮೇಲೆ ಬಗ್ಗಿ ಮಾತಾಡುತ್ತಿದ್ದರು. ಒಬ್ಬರೂ ಏಳಲಿಲ್ಲ, ಯಾಕೆಂದರೆ ಒಬ್ಬರೂ ನೋಡಲಿಲ್ಲ. ಅವರು ಬಾಗಿಲಲ್ಲಿ ನಿಂತು ನೋಡಿದರು. “ಏ, ಚಲೋ ನಡದೈತಲ್ರೀ!” ಎಂದರು. ಒಂದು ತುಂಡು ರೊಟ್ಟಿ ತಿಂದರು, ಫೋಟೋ ತೆಗೆಸಿಕೊಂಡರು, ಹೋದರು. ಅವರಿಗೆ ಅವಮಾನವಾಗಲೇ ಇಲ್ಲ. ಅವಮಾನವಾಗಿದ್ದು ಅವರ ಪರವಾಗಿ ನಮ್ಮ ಮುಖ್ಯಸ್ಥರಿಗೆ! ಇಂಥ ಜನಕ್ಕೆ ಏನು ಹೇಳುವುದು ನೀವೇ ಹೇಳಿ.

ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ಲಿನಲ್ಲಿ ಮೇಡಂ ಹೆಸರಿರಲಿಲ್ಲ. ಅವರಂಥ ಅತಿಥಿ ಉಪನ್ಯಾಸಕರನ್ನು ತೆಗೆದುಹಾಕಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ. ಕರೆಯದಿದ್ದರೆ ಸಾಕು. ನಾನು ಮುಖ್ಯಸ್ಥರ ಕೋಣೆಗೆ ನುಗ್ಗಿ ಯಾಕೆಂದು ಕೇಳಿದೆ. “ಸಿಲಬಸ್ ಮುಗಿಸೋರು ಬೇಕಲ್ಲಮ್ಮಾ,” ಎಂದು ನಕ್ಕರು. ಅಕೌಂಟ್ಸ್ ಹೇಳುತ್ತಿದ್ದ ಸರ್ ಬಂದು ನಮಗೆ ಸ್ಲೈಡು ಓದಿ ಹೇಳಿ ಸಿಲಬಸ್ ಮುಗಿಸಿದರು. ಜವಾನ ಮತ್ತೆ ಬರತೊಡಗಿದ, ನಾವು ಮತ್ತೆ ಸೀರೆ ಉಟ್ಟು ಗೇಟಿಗೆ ಹೋದೆವು. ಮೇಡಂ ಮನೆಗೆ ಹೋಗಿ ನಾನು ಕೂಗಾಡಿದಾಗ ಅವರು, “ಬೈಕಂತ ಕುಂದ್ರಬ್ಯಾಡ, ಪರೀಕ್ಷೆ ಬರಿ. ನಿನ್ನ ಸಿಟ್ಟು ಕೆಲಸಕ್ಕ ಹಚ್ಚು,” ಎಂದು ಮಂಡಕ್ಕಿ ಡಬ್ಬಿ ಮುಂದೆ ಸರಿಸಿದರು. ಆದರೆ ಅವರ ಅಕ್ಕ ಚಹಾ ಕೊಡುವಾಗ ಮೆಲ್ಲಗೆ ನನ್ನ ಕಿವಿಯಲ್ಲಿ, “ಬೆಳಿಗ್ಗೆ ಎದ್ದು ಶೂ ಹಾಕ್ಕಂತಾಳವ್ವಾ. ಹಾಕ್ಕಂಡು ಮನ್ಯಾಗೇ ಕುಂದ್ರತಾಳ,” ಎಂದರು.

ಆಮೇಲೆ ನಾನು ದಾವಣಗೆರೆಯಲ್ಲಿ ಇದೇ ಕೆಲಸದ ಒಂದು ಸಣ್ಣ ಕಚೇರಿ ತೆರೆದೆ. ಮೇಡಂ ಆಗಾಗ ಬಂದು ಕೊನೆಯ ಸಾಲಿನಲ್ಲಿ ಕೂತು ನೋಡಿ, ತಪ್ಪುಗಳನ್ನೆಲ್ಲ ಹೇಳಿ ಹೋಗುತ್ತಿದ್ದರು. ಮತ್ತೆ ಯಾವ ವಿಶ್ವವಿದ್ಯಾಲಯವೂ ಅವರನ್ನು ಪಾಠಕ್ಕೆ ಕರೆಯಲಿಲ್ಲ. ಕಾಯಿಲೆ ಬಿದ್ದು ಮಲಗಿದಾಗಲೂ ನೋಡಲು ಹೋದವರನ್ನು ಅವರು ಕೇಳುತ್ತಿದ್ದುದು, “ಕುರ್ಚಿಗೆ ಬಿಸಿಲು ಬರ್ತತೇನು? ಈ ಕಡಿಗೆ ಹಾಕ್ಕಳ್ರಿ. ಚಾ ಆತಾ?” ಎಂದು. ಕೊನೆಗೊಂದು ದಿನ ಅವರ ಅಕ್ಕನ ಫೋನು ಬಂತು.

ತೀರಿಕೊಂಡು ಕೆಲವು ತಿಂಗಳಾದ ಮೇಲೆ ವಿಭಾಗಕ್ಕೆ ಇದ್ದಕ್ಕಿದ್ದಂತೆ ಅವರ ನೆನಪಾಯಿತು. ಪರಿಶೀಲನೆಗೆ ತಂಡವೊಂದು ಬರುವುದಿತ್ತಂತೆ, ಹಳೆಯ ವಿದ್ಯಾರ್ಥಿಗಳ ಜೊತೆ ನಂಟಿದೆ ಎಂದು ತೋರಿಸಲು ಫೋಟೋಗಳು ಬೇಕಿದ್ದವಂತೆ. ಅದೇ ಮುಖ್ಯಸ್ಥರು, ಈಗ ಇನ್ನೂ ದೊಡ್ಡ ಕುರ್ಚಿಯಲ್ಲಿರುವವರು, ಫೋನ್ ಮಾಡಿದರು: “ನಿಮ್ಮ ಮೇಡಂ ಅಲ್ವೇನಮ್ಮಾ? ಮೈಕು, ಕುರ್ಚಿ ಎಲ್ಲ ನೀವೇ ನೋಡ್ಕೊಂಡುಬಿಡಿ.” ಬೇರೆ ಯಾರಿಗೋ ಬಿಟ್ಟರೆ ಇನ್ನೂ ಕೆಡಿಸುತ್ತಾರೆ ಎಂದು ಒಪ್ಪಿಕೊಂಡೆ.

ಅಂದು ಬೆಳಿಗ್ಗೆ ಮೊದಲು ಶೌಚಾಲಯ ನೋಡಿದೆ, ನೀರಿನ ಕ್ಯಾನ್ ಇಡಿಸಿದೆ, ಕುರ್ಚಿ ಹಾಕಿಸಿದೆ. ಹೊರಗೆ ಬಂದರೆ ಗೇಟಿನಲ್ಲಿ ರೇಷ್ಮೆ ಸೀರೆಯ ಹುಡುಗಿಯರ ಸಾಲು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಗುಲಾಬಿ ಪಕಳೆ.

“ತಟ್ಟೆ ಕೆಳಗಿಡ್ರೇ!” ಎಂದು ಕಿರುಚಿದೆ. ಹುಡುಗಿಯರು ಬೆಚ್ಚಿಬಿದ್ದರು. ಒಬ್ಬಳು ಮೆಲ್ಲಗೆ, “ಇಂಟರ್ನಲ್ಸ್ ಕಟ್ ಮಾಡ್ತಾರ್ರಿ ಮೇಡಂ,” ಎಂದಳು.

ಮಾರ್ಕ್ಸು ಹಾಕುವವಳು ನಾನಲ್ಲ. ‘ಇಂಟರ್ನಲ್ಸ್ ಹಾಕಾಕಿ ನಾನವ್ವಾ’ ಎನ್ನಬಲ್ಲವರನ್ನು ಇವರು ಎಂದೋ ಹೊರಗೆ ಹಾಕಿದ್ದರು. ಒಳಗೆ ಹೋಗಿ ಆ ದೊಡ್ಡ ಕುರ್ಚಿಯವರನ್ನು ಕೇಳಿದೆ, ನುಡಿನಮನಕ್ಕೂ ಹೂವೆರಚುವುದು ಯಾಕೆ ಸರ್ ಎಂದು. “ಸಂಪ್ರದಾಯಮ್ಮಾ,” ಎಂದು ನಕ್ಕರು.

ಉದ್ಘಾಟಕರಿಗಾಗಿ ಕಾದದ್ದೇ ಕಾದದ್ದು. ಮೊದಲ ಸಾಲು ಗಣ್ಯರಿಗೆ ಮೀಸಲು ಎಂದು ಮೇಡಂ ಅವರ ಅಕ್ಕನನ್ನು ಎಬ್ಬಿಸಿ ಹಿಂದೆ ಕೂರಿಸಿದರು. ಸ್ವಂತ ಅಕ್ಕನನ್ನು! ಕೊನೆಗೆ ಉದ್ಘಾಟಕರು ಬರುವುದಿಲ್ಲ ಎಂದು ಫೋನು ಬಂದಾಗ ಗೇಟಿನ ಹುಡುಗಿಯರನ್ನು ಗ್ರೂಪ್ ಫೋಟೋಗೆಂದು ಒಳಗೆ ಕರೆಸಿ, ದೊಡ್ಡ ಕುರ್ಚಿಯವರೇ ದೀಪ ಹಚ್ಚಿದರು. ವೇದಿಕೆಯ ಮೇಲಿದ್ದವರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ಮೇಡಂ ಫೋಟೋಕ್ಕೆ ಹಾಕಬೇಕಿದ್ದ ಹಾರ ಅವಸರದಲ್ಲಿ ಯಾರದೋ ಕೊರಳಿಗೆ ಹೋಯಿತು. ಅವರು ಅದನ್ನು ಹಾಕಿಕೊಂಡೇ ಭಾಷಣವನ್ನೂ ಮಾಡಿದರು.

ಆಮೇಲೆ ದೊಡ್ಡ ಕುರ್ಚಿಯವರು ಎದ್ದು, “ಅವರು ನಮ್ಮ ವಿಭಾಗದ ಆಸ್ತಿಯಾಗಿದ್ದರು. ವೈಯಕ್ತಿಕ ಕಾರಣಗಳಿಂದ ತಾವಾಗಿಯೇ ಬಿಟ್ಟು ಹೋದಾಗ ನಾವೆಲ್ಲ ಎಷ್ಟು ಬೇಡಿಕೊಂಡೆವು!” ಎಂದರು. ಮೈಕಿನ ಸ್ವಿಚ್ಚು ನನ್ನ ಕೈಯಲ್ಲೇ ಇತ್ತು. ಆರಿಸಿಬಿಡಲೇ ಎನಿಸಿತು. ಮೇಡಂ ಇದ್ದಿದ್ದರೆ, ಮೈಕ್ ಕೆಡಿಸಾದು ನಮ್ಮ ಕಸುಬಲ್ಲ ಎಂದು ಬೈಯುತ್ತಿದ್ದರು. ಅವರು ಮಾಡುತ್ತಿದ್ದುದನ್ನೇ ಮಾಡಿದೆ. ಇನ್ನೊಂದು ಮೈಕು ಎತ್ತಿಕೊಂಡು ಕೊನೆಯ ಸಾಲಿಗೆ ಹೋದೆ. ಅಲ್ಲಿ ನಾನೇ ಕರೆಸಿದ್ದ ಕುಕ್ಕುವಾಡದ ಅಕ್ಕ ಕೂತಿದ್ದರು. ಸಮಾವೇಶದ ದಿನ ಶುರುವಾದ ರೊಟ್ಟಿ ಇವತ್ತಿಗೂ ಆ ಹೋಟೆಲಿಗೆ ಹೋಗುತ್ತಿದೆ. ಅಕ್ಕ ಎದ್ದು ನಿಂತು ಮೈಕು ಬಾಯಿಗೆ ಹತ್ತಿರ ಹಿಡಿದು, “ಅವರು ಬಿಟ್ಟು ಹೋಗ್ಲಿಲ್ರೀ. ನೀವು ಕರೀಲಿಲ್ಲ,” ಎಂದು ಹೇಳಿ ಕೂತರು.

ವೇದಿಕೆಯಿಂದ, “ಸಮಯದ ಅಭಾವದಿಂದ...” ಎಂದು ಶುರುವಾಗಿ ವಂದನಾರ್ಪಣೆ ಮುಗಿದೇ ಹೋಯಿತು. ಎಲ್ಲರೂ ಊಟಕ್ಕೆ ಎದ್ದರು.

ಜನ ಖಾಲಿಯಾದ ಮೇಲೆ, ಅಭ್ಯಾಸ ನೋಡಿ, ನಾನು ಸುತ್ತು ಹೊರಟೆ. ಪಾರ್ಕಿಂಗು, ಅಡುಗೆಯ ಕಡೆ, ಕೊನೆಗೆ ಹಿಂದಿನ ಗೇಟು. ಅಲ್ಲಿ ಒಬ್ಬಳು ಹುಡುಗಿ ಇನ್ನೂ ನಿಂತಿದ್ದಳು. ಉದ್ಘಾಟಕರು ಆ ಕಡೆಯಿಂದ ಬಂದರೆ ಇರಲಿ ಎಂದು ಬೆಳಿಗ್ಗೆಯೇ ನಿಲ್ಲಿಸಿದ್ದರಂತೆ. ಪಕಳೆ ಬಾಡಿ ತಟ್ಟೆಗೆ ಅಂಟಿಕೊಂಡಿತ್ತು.

“ಅವರು ಬರಲ್ಲವ್ವಾ. ಎಲ್ಲಾ ಮುಗೀತು,” ಎಂದೆ.

“ಹೌದೇನ್ರಿ? ನನಗ್ಯಾರೂ ಹೇಳ್ಲಿಲ್ರಿ ಮೇಡಂ.”

ಅವಳು ಗೇಟಿನ ಬ್ಯಾನರಿನತ್ತ ನೋಡಿ ಕೇಳಿದಳು: “ಅಲ್ಲಿ ಮೂಲ್ಯಾಗೆ ಸಣ್ಣ ಫೋಟೋ ಐತಲ್ರಿ, ಅವರು ಯಾರ್ರಿ?”

“ನಿನ್ನ ಕೈಯಾಗೈತಲ್ಲ, ಇಂಥ ತಟ್ಟೆ ನಮ್ಮ ಕೈಯಿಂದ ಕೆಳಗಿಡಿಸಿದ್ದಕ್ಕ ಕೆಲಸ ಕಳ್ಕಂಡೋರು.”

ಹುಡುಗಿ ಬ್ಯಾನರ್ ನೋಡಿದಳು, ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

“ಹಂಗಾದ್ರೆ ಅವರ ಕಾರ್ಯಕ್ರಮಕ್ಕ ನಮ್ಮ ಕೈಗೆ ಇದನ್ನ ಯಾಕ ಕೊಟ್ರಿ?”